ಪದ ಉಳೀತು, ಪದಗಾತಿ?

ನಮ್ಮ ಮುರಗೋಡದಿಂದ ಎಲ್ಲಮ್ಮನ ಗುಡ್ಡ ಬಾಳ ದೂರಿಲ್ಲ. ಬನದ ಹುಣ್ಣಿಮೆ ಬಂತಂದರ ಸವದತ್ತಿ ದಾರಿಗುಂಟ ಚಕ್ಕಡಿ, ಟ್ರ್ಯಾಕ್ಟರು, ಭಂಡಾರ, 'ಉಧೋ' ಎನ್ನುವ ದನಿ. ಅದರ ನಡುವೆ ಚೌಡಿಕಿ ಮೀಟಿ ಹಾಡುವ ಜೋಗವ್ವನ ಮುಂದೆ ಯಾರೋ ಒಬ್ಬರು ಮೊಬೈಲು ಹಿಡಿದು ಕೂತಿರುತ್ತಾರೆ. 'ಸಂಸ್ಕೃತಿ ಉಳಿಸಬೇಕ್ರೀ' ಅಂತಾರೆ. ಉಳಿಸಲಿ. ಆದರೆ ಹಾಡು ಮುಗಿಸಿ ಕೆಮ್ಮುತ್ತ ಎದ್ದುಹೋದ ಆ ಹೆಣ್ಣುಮಗಳ ಕೆಮ್ಮು ಯಾವ ಜಾನಪದ ಸಂಗ್ರಹದಲ್ಲಿ ದಾಖಲಾಗಿದೆ?

ನಮ್ಮ ಜಾನಪದ ವಿಮರ್ಶೆಯ ದೊಡ್ಡ ಕುರುಡು ಇದೇ. ಅದು ಮಟ್ಟು ಎಣಿಸುತ್ತದೆ, ತಾಳ ಎಣಿಸುತ್ತದೆ, ಆಶಯ ಹುಡುಕುತ್ತದೆ. ಹಾಡಿದವಳು ಯಾವ ಕೇರಿಯವಳು, ಯಾಕೆ ಹಾಡಬೇಕಾಯಿತು, ಉಂಡಳೋ ಇಲ್ಲವೋ ಎಂದು ಕೇಳುವುದಿಲ್ಲ.

ಕಥೆಯನ್ನೇ ಸರಿಯಾಗಿ ಓದೋಣ. ನಮ್ಮ ಸೀಮೆಯಲ್ಲಿ ಹೇಳುವಂತೆ, ಗಂಡನ ಶಾಪದಿಂದ ರೇಣುಕೆಗೆ ಕುಷ್ಠ ಹತ್ತಿತು. ಮನೆಯಿಂದ ಹೊರಬಿದ್ದಳು. ಎಕ್ಕಯ್ಯ-ಜೋಗಯ್ಯ ಅವಳಿಗೆ ದಾರಿ ತೋರಿಸಿದರು, ಜೋಗುಳಬಾವಿಯಲ್ಲಿ ಮಿಂದು ಗುಣವಾದಳು. ಗುಣವಾಗಿ ಮನೆಗೆ ಬಂದವಳ ತಲೆ ಕಡಿಸಿದ್ದೂ ಗಂಡನ ಮಾತೇ. ಅಂದರೆ ಇದು ರೋಗ ಬಂದ ಹೆಣ್ಣನ್ನು ಯಾರು ಹೊರಹಾಕಿದರು, ಯಾರು ಒಳಗೆ ಕರೆದರು ಎಂಬ ಕಥೆ. ಪಂಡಿತರು ಇದರಲ್ಲಿ ಪಾತಿವ್ರತ್ಯ ಕಂಡರು. ರೋಗಿ ಕಾಣಲಿಲ್ಲ.

ವ್ಯವಸ್ಥೆ ಈ ಕಥೆಯನ್ನು ತಿರುವಿ ಹಾಕಿತು. ಬಡ ದಲಿತ ಹುಡುಗಿಯ ಎಣ್ಣೆ-ನೀರು ಕಾಣದ ತಲೆಯಲ್ಲಿ ಕೂದಲು ಗಂಟಾದರೆ 'ಜಡಿ ಬಂತು, ತಾಯಿ ಕರೀತಾಳ'. ಮೈಮೇಲೆ ಕಲೆ ಬಿದ್ದರೆ 'ಅವ್ವನ ಕಾಟ'. ದವಾಖಾನೆಗೆ ಹೋಗಬೇಕಾದ ಕೂಸನ್ನು ಗುಡ್ಡಕ್ಕೆ ಒಯ್ದು ಮುತ್ತು ಕಟ್ಟಿದರು. ಮುಂದೆ ಊರ ಗೌಡನ ಮನೆ, ಆಮೇಲೆ ಮುಂಬಯಿ, ಪುಣೆಯ ಓಣಿಗಳು, ಕಡೆಗೆ ಏಡ್ಸು. ಮುಂಬಯಿ ಸರಕಾರ 1934ರಲ್ಲಿ, ಕರ್ನಾಟಕ 1982ರಲ್ಲಿ ಕಾಯ್ದೆ ಮಾಡಿದವು. ಆದರೂ 1993-94 ಮತ್ತು 2007-08ರ ಸರಕಾರಿ ಸಮೀಕ್ಷೆಗಳು ರಾಜ್ಯದಲ್ಲಿ 46,660 ದೇವದಾಸಿಯರನ್ನು ಎಣಿಸಿದವು.

ಈ ಎಣಿಕೆಯೊಳಗಿಂದಲೇ ಎದ್ದುಬಂದವರು ಚಿಕ್ಕೋಡಿ ಕಡೆಯ ಕಬ್ಬೂರಿನ ಸೀತವ್ವ ಜೋಡಟ್ಟಿ. ಏಳನೆಯ ವಯಸ್ಸಿಗೆ ಮುತ್ತು ಕಟ್ಟಿಸಿಕೊಂಡ ಹುಡುಗಿ ಯುವತಿಯಾಗಿದ್ದಾಗಲೇ ಪುನರ್ವಸತಿ ಕೆಲಸಕ್ಕೆ ಇಳಿದರು. 1997ರಲ್ಲಿ ಘಟಪ್ರಭಾದಲ್ಲಿ ಹುಟ್ಟಿದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ (ಮಾಸ್) ಮಾಜಿ ದೇವದಾಸಿಯರೇ ಕಟ್ಟಿ ನಡೆಸಿದ ಸಂಘಟನೆ. ಮುತ್ತು ಕಟ್ಟುವುದನ್ನು ತಡೆಯುವುದು, ಸಾಲ-ಉಳಿತಾಯ, ಮಕ್ಕಳ ಶಾಲೆ, ಏಡ್ಸಿನ ತಿಳುವಳಿಕೆ ಎಲ್ಲವೂ ಒಂದೇ ಕೆಲಸವೆಂದು ಈ ಹೆಂಗಸರು ಅರಿತರು. ಸೀತವ್ವನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ನಾವು ಹಾರ ಹಾಕಿದೆವು. ಅವರು ಎತ್ತಿದ ಪ್ರಶ್ನೆಯನ್ನು ನಮ್ಮ ವಿಮರ್ಶೆಯೊಳಗೆ ತಂದುಕೊಂಡೆವೇ?

ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರ ವಿಷಯದಲ್ಲೂ ಇದೇ ಆಯಿತು. ಹಾಲಕ್ಕಿಗಳ ಹಾಡಿನ ಕಣಜವೆಂದು ಹೊಗಳಿದೆವು. 2017ರಲ್ಲಿ ಪದ್ಮಶ್ರೀ, 2025ರ ಫೆಬ್ರವರಿಯಲ್ಲಿ ಸಾವು. ಅದೇ ಅಜ್ಜಿ ಊರ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ವಿರುದ್ಧ ನಿಂತದ್ದು ಬರಹಗಳ ಕಡೆಯ ಸಾಲಿಗೆ ಸರಿಯಿತು. ಹಾಲಕ್ಕಿಗಳನ್ನು ಬುಡಕಟ್ಟಿನ ಪಟ್ಟಿಗೆ ಸೇರಿಸಿರೆಂಬ ಬೇಡಿಕೆ ಅವರು ಬದುಕಿರುವತನಕ ಈಡೇರಲಿಲ್ಲ. ಕುಡಿತ ಮನೆ ತಿಂದರೆ ಹಾಡು ಎಲ್ಲಿ ಉಳಿದೀತು? ಇದು ಸುಕ್ರಜ್ಜಿಗೆ ತಿಳಿದಿತ್ತು. ತಜ್ಞರಿಗೆ ತಿಳಿಯಲಿಲ್ಲ.

ಆದರೆ ನಮ್ಮ ಸಂಕಟ ಇನ್ನೂ ಕಠಿಣ. ಹಾಲಕ್ಕಿ ಹಾಡಿಗೆ ಮುತ್ತಿನ ಹಂಗಿಲ್ಲ, ಚೌಡಿಕಿಗೆ ಐತಿ. 'ಅದು ದಾಸ್ಯದ ಹಾಡು, ಸುಟ್ಟುಬಿಡಿ' ಎನ್ನುವ ಗೆಳೆಯರು ನಮ್ಮಲ್ಲೇ ಇದ್ದಾರೆ. ಅವರ ಸಿಟ್ಟು ನನ್ನದೂ ಹೌದು. ಒಮ್ಮೆ ನಮ್ಮ ಓಣಿಯ ಜೋಗವ್ವನಿಗೆ ಇದನ್ನೇ ಅಂದೆ. ಆಕೆ ನಕ್ಕು, 'ತಮ್ಮಾ, ಮುತ್ತು ಅವರು ಕಟ್ಯಾರ. ಪದ ನಾ ಕಟ್ಟೇನಿ. ನಂದ್ಯಾಕ ಸುಡ್ತೀ?' ಅಂದಳು.

ನನ್ನ ವಿಮರ್ಶೆಯ ಪಾಠ ಅಲ್ಲೇ ಮುಗೀತು. ಮುತ್ತು ಹರಿಯಬೇಕು, ಪದ ಹಾಡಿದವಳ ಸೊತ್ತಾಗಬೇಕು. ಹಾಡುವ ಹಕ್ಕಿನಷ್ಟೇ ಹಾಡದೆ ಇರುವ ಹಕ್ಕೂ ಆಕೆಗೆ ಬೇಕು. ಹೊಟ್ಟೆಗಾಗಿ ಹಾಡಲೇಬೇಕಾದವಳ ಹಾಡನ್ನು ಪರಂಪರೆ ಎಂದು ಕರೆಯುವುದು ಉಂಡವರ ಮಾತು.

ಮಾಸ್ತರ ಗೆಳೆಯರೆ, ಮುಂದಿನ ಸಲ ಶಾಲೆಯ ಗ್ಯಾದರಿಂಗಿಗೆ ಜೋಗವ್ವನನ್ನು ಕರೆದಾಗ ಶಾಲು ಹೊದಿಸುವ ಮೊದಲು ಕೇಳಿರಿ: 'ಅವ್ವಾ, ಆರಾಮ ಅದೀಯೇನ? ಗುಳಿಗಿ ಸಿಗತಾವೇನ? ಮೊಮ್ಮಗಳು ಸಾಲಿಗೆ ಬರತಾಳೇನ?' ಆಮೇಲೆ, ಆಕೆಗೆ ಮನಸ್ಸಿದ್ದರೆ, ಪದ ಕೇಳೋಣ.