ಸರಾಸರಿಗೆ ಸಿಗದ ಹಾಡಿ

ಪ್ರಾದೇಶಿಕ ಅಸಮತೋಲನದ ಮಾತು ಬಂದಾಗಲೆಲ್ಲ ನಾವು ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯತ್ತ ಬೆರಳು ತೋರುತ್ತೇವೆ. 35 ಸೂಚಕಗಳಿಂದ 175 ತಾಲ್ಲೂಕುಗಳನ್ನು ಅಳೆದು, 114 ಹಿಂದುಳಿದಿವೆ ಎಂದಿತು ಅದು. ಬರೀ ದೂರಾಗಿದ್ದುದಕ್ಕೆ ಲೆಕ್ಕದ ಬಲ ಬಂತು. ಅದು ಸಣ್ಣ ಕೆಲಸವಲ್ಲ.

ಆದರೆ ಅದರ ಅಳತೆಗೋಲು ತಾಲ್ಲೂಕಿನ ಸರಾಸರಿಗೇ ನಿಂತಿತು. ಸರಗೂರು ಆಗ ಹೆಗ್ಗಡದೇವನಕೋಟೆ ತಾಲ್ಲೂಕಿನೊಳಗಿತ್ತು. ಇಲ್ಲಿ ನೀರು ಕಂಡ ಗದ್ದೆಯೂ ಇದೆ, ಕಬಿನಿ ಅಣೆಕಟ್ಟೆಗೂ ಅಭಯಾರಣ್ಯಕ್ಕೂ ನೆಲೆ ಬಿಟ್ಟುಕೊಟ್ಟ ಜೇನುಕುರುಬರ ಹಾಡಿಯೂ ಇದೆ. ಎರಡನ್ನೂ ಕೂಡಿ ಭಾಗಿಸಿದರೆ ಸಿಗುವ ಅಂಕಿ ಇಬ್ಬರದ್ದೂ ಅಲ್ಲ. ಜನಸಂಖ್ಯೆಗೆ ಎಷ್ಟು ವೈದ್ಯರೆಂದು ಎಣಿಸಬಹುದು. ಹಾಡಿಯ ಗರ್ಭಿಣಿ ಅವರ ಬಾಗಿಲು ಮುಟ್ಟಿದಳೇ ಎಂಬುದು ಆ ಎಣಿಕೆಯಲ್ಲಿಲ್ಲ.

2006ರ ಸಾಚಾರ್ ವರದಿ ಸಮುದಾಯವಾರು ಎಣಿಸಿದ್ದರಿಂದ ನಮ್ಮ ಸ್ಥಿತಿ ದೇಶದ ಕಣ್ಣಿಗೆ ಬಿತ್ತು. ಆ ನ್ಯಾಯ ಹಾಡಿಗೂ ಸಲ್ಲಬೇಕು.