ತೋಟದ ಆಚೆಯ ಅಗಸ್ಟೀನ

ಸಂತ ಅಗಸ್ಟೀನನ ‘ಕನ್‌ಫೆಷನ್ಸ್’ ಗ್ರಂಥದ ಕಥೆಯನ್ನು ತರಗತಿಯಲ್ಲಿ ಹೇಳುವ ಉಪಾಧ್ಯಾಯರು ಸಾಮಾನ್ಯವಾಗಿ ಅದನ್ನು ಒಂದು ತೋಟದಲ್ಲಿ ಮುಗಿಸುತ್ತಾರೆ. ಕ್ರಿ. ಶ. ೩೮೬, ಇಟಲಿಯ ಮಿಲಾನ್ ನಗರ. ಮೂವತ್ತೊಂದು ವರ್ಷದ ಅಧ್ಯಾಪಕನೊಬ್ಬನು ಅಂಜೂರದ ಮರದಡಿ ಬಿದ್ದು ಅಳುತ್ತಿದ್ದಾನೆ. ನೆರೆಮನೆಯ ಕಡೆಯಿಂದ ಮಗುವಿನ ದನಿಯೊಂದು, ಎತ್ತಿಕೊಂಡು ಓದೆಂದು ರಾಗವಾಗಿ ಹೇಳುವುದು ಕೇಳಿಸುತ್ತದೆ. ಅವನು ಪೌಲನ ಪತ್ರಗಳನ್ನು ತೆರೆದು ಕಣ್ಣಿಗೆ ಬಿದ್ದ ವಾಕ್ಯವನ್ನು ಓದುತ್ತಾನೆ; ಸಂದೇಹದ ಕತ್ತಲೆ ಹರಿಯುತ್ತದೆ. ಮರುವರ್ಷದ ಈಸ್ಟರ್ ಹಬ್ಬದಲ್ಲಿ ಬಿಷಪ್ ಆಂಬ್ರೋಸನಿಂದ ದೀಕ್ಷಾಸ್ನಾನ. ಜೊತೆಯಲ್ಲಿ ಗೆಳೆಯ ಅಲಿಪಿಯಸ್, ಮಗ ಅಡಿಯೊಡಾಟಸ್. ದುರ್ಮಾರ್ಗಿಯು ಸಂತನಾದನು, ಪಾಠ ಮುಗಿಯಿತು.

ನಾನೂ ಬಹುಕಾಲ ಹೀಗೆಯೇ ಮುಗಿಸಿದವನು. ಒಮ್ಮೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಆ ಮಗನ ತಾಯಿ ಏನಾದಳು, ಸಾರ್?” ಎಂದು ಕೇಳಿದಳು. ಆಗಲೇ ಗಂಟೆ ಹೊಡೆದುದು ನನಗೆ ಅನುಕೂಲವಾಯಿತು. ಆದರೆ ಆ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಗ್ರಂಥವನ್ನು ಮತ್ತೆ ಓದಿದಾಗ, ನಾನು ಇಷ್ಟು ವರ್ಷ ಹೇಳಿದ್ದುದು ಅಗಸ್ಟೀನನ ಕಥೆಯ ಅರ್ಧ ಮಾತ್ರವೆಂದು ತಿಳಿಯಿತು.

ಮೊದಲು ಆ ‘ದುರ್ಮಾರ್ಗ’ವನ್ನೇ ನೋಡೋಣ. ೩೫೪ರಲ್ಲಿ ಉತ್ತರ ಆಫ್ರಿಕದ ತಗಾಸ್ತೆ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಈತನು ಕಾರ್ಥೇಜಿನಲ್ಲಿ ಕಲಿತು, ಅಲ್ಲಿಯೇ ವಾಗ್ಮಿತಾಶಾಸ್ತ್ರವನ್ನು ಕಲಿಸಿ, ಸುಮಾರು ಒಂಬತ್ತು ವರ್ಷ ಮಾನಿ ಮತದಲ್ಲಿದ್ದು, ರೋಮಿನ ದಾರಿಯಾಗಿ ಮಿಲಾನಿಗೆ ಬಂದವನು. ಕೊಲೆಯಿಲ್ಲ, ಕುಡಿತದ ಹಾವಳಿಯಿಲ್ಲ. ಎರಡನೆಯ ಭಾಗದಲ್ಲಿ ಅವನು ಪುಟಗಟ್ಟಲೆ ವಿಚಾರಿಸುವ ಮಹಾಪರಾಧವೆಂದರೆ, ಹದಿನಾರರ ಪ್ರಾಯದಲ್ಲಿ ಗೆಳೆಯರೊಡನೆ ರಾತ್ರಿಯಲ್ಲಿ ಪೇರು ಹಣ್ಣುಗಳನ್ನು ಕದ್ದು ಹಂದಿಗಳಿಗೆ ಎಸೆದುದು! ಹಸಿವಿರಲಿಲ್ಲ, ಅವಕ್ಕಿಂತ ಒಳ್ಳೆಯ ಹಣ್ಣು ಅವನಲ್ಲಿಯೇ ಇತ್ತು. ಹಾಗಿದ್ದರೆ ಕದ್ದುದೇಕೆ? ಕೆಟ್ಟುದು ಎಂಬ ಕಾರಣಕ್ಕೇ ಅದು ರುಚಿಸಿತೆ? ಒಬ್ಬನೇ ಆಗಿದ್ದರೆ ಕದಿಯುತ್ತಿದ್ದೆನೆ? ಈ ವಿಚಾರಣೆಯನ್ನು ಅತಿಯೆಂದು ನಗುವವರಿದ್ದಾರೆ. ಹುಡುಗರ ಗುಂಪನ್ನು ದಿನವೂ ಕಾಣುವ ನಮಗೆ ನಗು ಬರಲಾರದು.

ಶಾಲೆಯ ವಿಷಯದಲ್ಲಿಯೂ ಅವನ ಕಣ್ಣು ತೀಕ್ಷ್ಣ. ಏಟು ಬೀಳದಿರಲೆಂದು ತಾನು ದೇವರನ್ನು ಬೇಡಿದಾಗ ಹಿರಿಯರು ನಕ್ಕುದನ್ನು ಮುದುಕನಾಗುತ್ತಿದ್ದಾಗಲೂ ಅವನು ಮರೆತಿಲ್ಲ. ರೋಮಿನಲ್ಲಿ ಶುಲ್ಕ ಕೊಡುವ ದಿನ ಬಂದೊಡನೆ ಶಿಷ್ಯರು ಗುಂಪಾಗಿ ಬೇರೆ ಗುರುವಿನ ಬಳಿಗೆ ಓಡುತ್ತಿದ್ದರಂತೆ. ನಮ್ಮ ವೃತ್ತಿಯ ಸಂಕಟಗಳು ಹೊಸವೇನೂ ಅಲ್ಲ. ತೋಟದ ಘಟನೆಯಾದ ಮೇಲೆ ಅವನು ಮರುದಿನವೇ ಕೆಲಸ ಬಿಡಲಿಲ್ಲ. ದ್ರಾಕ್ಷಿ ಕೊಯ್ಲಿನ ರಜೆಗೆ ಸುಮಾರು ಇಪ್ಪತ್ತು ದಿನ ಉಳಿದಿತ್ತು. ಅದನ್ನು ಮುಗಿಸಿ, ಎದೆನೋವಿನ ಕಾರಣವನ್ನೂ ಹೇಳಿ ಬಿಟ್ಟನು. ಇಪ್ಪತ್ತು ದಿನ ಕಾದ ಈ ಸಂತನು ನನಗೆ ತೋಟದಲ್ಲಿ ಅತ್ತವನಿಗಿಂತ ಹತ್ತಿರದವನಾಗಿ ಕಾಣುತ್ತಾನೆ.

ಇನ್ನು ಆ ಹುಡುಗಿಯ ಪ್ರಶ್ನೆ. ಕಾರ್ಥೇಜಿನಲ್ಲಿ ಅಗಸ್ಟೀನನು ಒಬ್ಬ ಸ್ತ್ರೀಯೊಡನೆ ವಿವಾಹವಿಲ್ಲದೆ ಬಾಳತೊಡಗಿದನು. ರೋಮನರ ಸಮಾಜದಲ್ಲಿ ಇಂಥ ಬಾಳುವೆ ಅಪರೂಪವಾಗಿರಲಿಲ್ಲ. ಅವಳೊಬ್ಬಳಿಗೇ ನಿಷ್ಠನಾಗಿದ್ದೆನೆಂದು ಅವನೇ ಹೇಳುತ್ತಾನೆ. ಮಗ ಹುಟ್ಟಿದನು. ಹತ್ತು ವರ್ಷಕ್ಕೂ ಮಿಕ್ಕಿ ಕೂಡಿ ಬಾಳಿದ ಮೇಲೆ, ಮಿಲಾನಿನಲ್ಲಿ, ಮುಖ್ಯವಾಗಿ ತಾಯಿ ಮೋನಿಕಳ ಪ್ರಯತ್ನದಿಂದ, ಅವನಿಗೆ ಒಂದು ಸಂಬಂಧ ಕುದುರಿತು. ಕನ್ಯೆಗೆ ಮದುವೆಯ ವಯಸ್ಸಾಗಲು ಇನ್ನೂ ಸುಮಾರು ಎರಡು ವರ್ಷ ಬೇಕಿತ್ತು. ಹಳೆಯ ಸಂಗಾತಿಯು ಆ ಮದುವೆಗೆ ಅಡ್ಡಿಯೆಂದು ಅವಳನ್ನು ಆಫ್ರಿಕಕ್ಕೆ ಕಳುಹಿಸಲಾಯಿತು. ಇನ್ನೊಬ್ಬ ಪುರುಷನನ್ನು ಅರಿಯೆನೆಂದು ವ್ರತ ತೊಟ್ಟು, ಮಗನನ್ನು ತಂದೆಯ ಬಳಿಯಲ್ಲಿ ಬಿಟ್ಟು ಅವಳು ಹೋದಳು. ಆ ಎರಡು ವರ್ಷವನ್ನು ಕಾಯಲಾರದೆ ಅವನು ಮತ್ತೊಬ್ಬಳನ್ನು ಕೂಡಿಕೊಂಡನು. ಆ ಮದುವೆ ಕಡೆಗೂ ನಡೆಯಲಿಲ್ಲ.

ಇದನ್ನು ಅವನು ಮುಚ್ಚಿಟ್ಟಿಲ್ಲ. ತನ್ನ ಹೃದಯವು ಹರಿದು ರಕ್ತ ಸುರಿಸಿತೆಂದು ಬರೆಯುತ್ತಾನೆ. ಅವಳ ಸ್ಥೈರ್ಯ ತನಗಿರಲಿಲ್ಲವೆಂದೂ ಒಪ್ಪುತ್ತಾನೆ. ಆದರೆ ಲ್ಯಾಟಿನ್ ಮೂಲದಲ್ಲಿ ಒಂದು ಸಂಗತಿಯನ್ನು ವ್ಯಾಕರಣ ಕಲಿಸುವವರು ಗಮನಿಸಬೇಕು. ಗ್ರಂಥವೆಲ್ಲ ‘ನಾನು’ ಎಂಬ ಕರ್ತೃವಿನಿಂದ ತುಂಬಿದೆ: ಕದ್ದವನು ನಾನು, ಸುಳ್ಳು ಹೇಳಿದವನು ನಾನು, ತಾಯಿಯನ್ನು ವಂಚಿಸಿ ಹಡಗು ಹತ್ತಿದವನು ನಾನು. ಇವಳ ಪ್ರಸಂಗ ಬಂದಾಗ ಮಾತ್ರ ವಾಕ್ಯವು ಕರ್ಮಣಿ ಪ್ರಯೋಗಕ್ಕೆ ತಿರುಗುತ್ತದೆ. ಅವಳು ತನ್ನ ಪಕ್ಕದಿಂದ ಕಿತ್ತುಹಾಕಲ್ಪಟ್ಟಳು. ಕಿತ್ತವರು ಯಾರು? ಕರ್ತೃಪದವೇ ಇಲ್ಲ. ವಾಗ್ಮಿತೆಯನ್ನು ಕಲಿಸಿಯೇ ಹೊಟ್ಟೆ ಹೊರೆದವನಿಗೆ ಇದು ಅರಿಯದೆ ಬಂದ ಪ್ರಯೋಗವೆಂದು ನಾನು ನಂಬಲಾರೆ. ಪೇರು ಹಣ್ಣಿಗೆ ಅಷ್ಟು ಪುಟ. ಇವಳಿಗೆ ಕೆಲವೇ ವಾಕ್ಯ. ಹೆಸರಂತೂ ಎಲ್ಲಿಯೂ ಇಲ್ಲ.

ಹೆಸರನ್ನು ಹೇಳದುದು ಅವಳ ಮರ್ಯಾದೆ ಕಾಯುವುದಕ್ಕಾಗಿ ಎಂಬ ಸಮಾಧಾನವುಂಟು. ೩೯೭ರ ಸುಮಾರಿಗೆ ಇದನ್ನು ಬರೆಯತೊಡಗಿದಾಗ ಅವನು ಅದೇ ಆಫ್ರಿಕದ ಹಿಪ್ಪೋ ನಗರದ ಬಿಷಪ್. ಅವಳು ಆಗ ಬದುಕಿದ್ದಿರಬಹುದು. ಈ ಸಮಾಧಾನದಲ್ಲಿ ಹುರುಳಿಲ್ಲದಿಲ್ಲ. ಆದರೂ ಮರ್ಯಾದೆಯೂ ನಾಚಿಕೆಯೂ ಒಂದೇ ಮೌನದಲ್ಲಿ ಕೂಡಿರಬಲ್ಲವು. ಕೆಲವು ವರ್ಷಗಳ ಮೇಲೆ, ೪೦೧ರ ಸುಮಾರಿಗೆ ಬರೆದ ವಿವಾಹವಿಷಯಕ ಗ್ರಂಥದಲ್ಲಿ, ಅಂತಸ್ತಿಗೆ ತಕ್ಕ ಹೆಂಡತಿ ಸಿಗುವವರೆಗೆ ಒಬ್ಬಳನ್ನು ಇಟ್ಟುಕೊಳ್ಳುವ ಪುರುಷನು ಮನಸ್ಸಿನಲ್ಲಿ ವ್ಯಭಿಚಾರಿಯೆಂದು ಅವನು ತೀರ್ಪು ಕೊಡುತ್ತಾನೆ. ಅಂಥವನಿಗೆ ನಿಷ್ಠೆಯಿಂದಿದ್ದು, ಅವನು ಬಿಟ್ಟ ಮೇಲೂ ಬೇರೊಬ್ಬನನ್ನು ಬಯಸದ ಸ್ತ್ರೀಯನ್ನು ಹಾಗೆ ಕರೆಯಲು ಹಿಂಜರಿಯುತ್ತಾನೆ. ಇಲ್ಲಿಯೂ ಹೆಸರಿಲ್ಲ, ‘ನಾನು’ ಎಂಬುದೂ ಇಲ್ಲ. ನನ್ನ ಮಟ್ಟಿಗೆ ‘ಕನ್‌ಫೆಷನ್ಸ್’ನಲ್ಲಿ ಬಿಟ್ಟುಹೋದ ನಿವೇದನೆ ಇದೇ.

ಹೊಸ ಜನ್ಮ ಪಡೆದವನ ಹಳೆಯ ಜನ್ಮದ ಸಾಲವನ್ನು ತೀರಿಸುವವರು ಯಾರು? ಈ ಜಾತಿಯ ಸಾಹಿತ್ಯವನ್ನೆಲ್ಲ ಕೇಳಬೇಕಾದ ಪ್ರಶ್ನೆಯಿದು. ಬಾಸೆಲ್ ಮಿಶನ್ನಿನವರ ಮೂಲಕ ಹತ್ತೊಂಬತ್ತನೆಯ ಶತಮಾನದಲ್ಲಿಯೇ ‘ಯಾತ್ರಿಕನ ಸಂಚಾರ’ವಾಗಿ ಕನ್ನಡಕ್ಕೆ ಬಂದ ಜಾನ್ ಬನ್ಯನನ ಕೃತಿಯಲ್ಲಿ (೧೬೭೮), ನಾಯಕನು ಹೆಂಡತಿ ಮಕ್ಕಳು ಕೂಗುತ್ತಿದ್ದಂತೆಯೇ ಕಿವಿಗೆ ಬೆರಳಿಟ್ಟುಕೊಂಡು ಓಡುತ್ತಾನೆ. ಬನ್ಯನನಿಗೆ ಅದು ಚುಚ್ಚಿರಬೇಕು. ೧೬೮೪ರಲ್ಲಿ ಎರಡನೆಯ ಭಾಗ ಬರೆದು ಆ ಹೆಂಡತಿಗೆ ಕ್ರಿಸ್ಟಿಯಾನ ಎಂಬ ಹೆಸರನ್ನೂ ಅವಳದೇ ಯಾತ್ರೆಯನ್ನೂ ಕೊಟ್ಟನು. ನಮ್ಮ ಪುರಂದರದಾಸರ ಐತಿಹ್ಯದಲ್ಲಿಯಂತೂ ಪರಿವರ್ತನೆ ಹೆಂಡತಿಯ ಮೂಗುತಿಯಿಂದಲೇ ಮೊದಲಾಗುತ್ತದೆ. ಐಶ್ವರ್ಯವನ್ನು ಬಿಟ್ಟು ಹೊರಟಾಗ ಸಂಸಾರವೂ ಜೊತೆಗೆ ಹೊರಡುತ್ತದೆ. ಅದು ಐತಿಹ್ಯ, ಇದು ಆತ್ಮಕಥೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಜನರ ಮನಸ್ಸು ಕಥೆ ಕಟ್ಟುವಾಗ ಯಾರನ್ನೂ ದಾರಿಯಲ್ಲಿ ಬಿಡಲಿಲ್ಲವೆಂಬುದನ್ನು ಮಾತ್ರ ನೋಡಿದರೆ ಸಾಕು.

ಹಾಗೆಂದು ಅಗಸ್ಟೀನನನ್ನು ತೆಗೆದುಹಾಕುವುದು ನನ್ನ ಉದ್ದೇಶವಲ್ಲ. ತೋಟದ ಪ್ರಸಂಗವು ಎಂಟನೆಯ ಭಾಗದಲ್ಲಿಯೇ ಮುಗಿಯುತ್ತದೆ, ಗ್ರಂಥದಲ್ಲಿರುವುದು ಹದಿಮೂರು. ಹತ್ತನೆಯ ಭಾಗದಲ್ಲಿ, ದೀಕ್ಷೆಯಾಗಿ ಹತ್ತು ವರ್ಷ ಕಳೆದ ಬಿಷಪನು ತನ್ನ ಈಗಿನ ಸ್ಥಿತಿಯನ್ನು ಹೇಳಿಕೊಳ್ಳುತ್ತಾನೆ. ಹಳೆಯ ಕಾಮನೆಗಳು ಕನಸಿನಲ್ಲಿ ಬರುತ್ತವೆ. ಊಟದಲ್ಲಿ ಹಸಿವೆಷ್ಟು, ಚಾಪಲ್ಯವೆಷ್ಟು ತಿಳಿಯದು. ದೇವಾಲಯದ ಗಾನದಲ್ಲಿ ಅರ್ಥಕ್ಕಿಂತ ರಾಗಕ್ಕೆ ಮನಸೋಲುತ್ತದೆ. ಮನೆಯಲ್ಲಿ ಹಲ್ಲಿಯು ನೊಣ ಹಿಡಿಯುವುದನ್ನು ನೋಡುತ್ತ ಕುಳಿತರೆ ಪ್ರಾರ್ಥನೆ ಮರೆತುಹೋಗುತ್ತದೆ! ಮರುಹುಟ್ಟು ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸವಲ್ಲವೆಂದು ಇಷ್ಟು ನಿರ್ದಾಕ್ಷಿಣ್ಯವಾಗಿ ಒಪ್ಪಿದ ಸಂತರು ವಿರಳ. ನಾವು ಪಾಠದಲ್ಲಿ ಬಿಟ್ಟುಬಿಡುವುದು ಈ ಭಾಗವನ್ನೇ. ಆಮೇಲೆ, ಒಂದು ಸಲ ತಪ್ಪೊಪ್ಪಿಕೊಂಡ ಹುಡುಗನು ಮತ್ತೆ ತಪ್ಪಿದರೆ ಅವನ ಮೊದಲಿನ ಕಣ್ಣೀರೆಲ್ಲ ಕಪಟವೆಂದು ಶಿಕ್ಷಿಸುತ್ತೇವೆ.

ಮಗ ಅಡಿಯೊಡಾಟಸನ ಸಂಗತಿಯನ್ನು ಹೇಳಿ ನಿಲ್ಲಿಸುತ್ತೇನೆ. ಬೋಧನೆಯೆಂದರೇನು, ಮಾತಿನಿಂದ ಕಲಿಸುವುದು ಸಾಧ್ಯವೆ ಎಂದು ತಂದೆ ಮಗ ಇಬ್ಬರೇ ಕುಳಿತು ಚರ್ಚಿಸುವ ‘ಗುರು’ ಎಂಬ ಸಂವಾದಗ್ರಂಥ ೩೮೯ರ ಸುಮಾರಿನದು. ಅದರಲ್ಲಿ ಹುಡುಗನ ಬಾಯಲ್ಲಿರುವ ವಿಚಾರಗಳೆಲ್ಲ ಅವನವೇ, ಆಗ ಅವನಿಗೆ ಹದಿನಾರು ವರ್ಷ, ಆ ಬುದ್ಧಿಯನ್ನು ಕಂಡು ತನಗೆ ಭಯವಾಗುತ್ತಿತ್ತು ಎಂದು ಅಗಸ್ಟೀನನು ‘ಕನ್‌ಫೆಷನ್ಸ್’ನಲ್ಲಿ ನೆನೆಯುತ್ತಾನೆ. ಹುಡುಗನು ಬಹುದಿನ ಬದುಕಲಿಲ್ಲ. ಅವನಲ್ಲಿದ್ದ ಒಳ್ಳೆಯದೆಲ್ಲ ದೇವರದು, ತನ್ನದೆಂಬುದು ಪಾಪವೊಂದೇ ಎಂದು ತಂದೆ ಬರೆದನು. ತಾಯಿಯ ಪಾಲು ಯಾವುದೆಂದು ಅಲ್ಲಿಯೂ ಬರೆದಿಲ್ಲ.