ಕೊಕ್ಕಿನ ಕಸುಬು

ಬಣ್ಣಕ್ಕೆ ಮರುಳಾಗುವುದು ಪಕ್ಷಿವೀಕ್ಷಣೆಯ ಮೊದಲ ಮೆಟ್ಟಿಲು. ಅದನ್ನು ಹೀಗಳೆಯುವ ಉದ್ದೇಶ ನನಗಿಲ್ಲ. ಶ್ರೀರಂಗಪಟ್ಟಣದ ಬಳಿ, ಕಾವೇರಿಯ ನಡುವೆ ಚದುರಿಕೊಂಡಿರುವ ರಂಗನತಿಟ್ಟಿನ ನಡುಗಡ್ಡೆಗಳಿಗೆ ಫಾಲ್ಗುಣ ಚೈತ್ರಗಳಲ್ಲಿ ಹೋಗಿ, ಧವಳವಾದ ಮೈಯ, ಎದೆಗೆ ಅಡ್ಡಲಾಗಿ ಕರಿಯ ಪಟ್ಟಿಯನ್ನು ಧರಿಸಿದ, ಬಾಲದ ಬಳಿ ಪಾಟಲವರ್ಣವನ್ನು ಚೆಲ್ಲಿಕೊಂಡ ಬಣ್ಣದ ಕೊಕ್ಕರೆಗಳು ಗೂಡಿಗೆ ಗೂಡು ತಾಗಿಸಿಕೊಂಡು ಸಂಸಾರ ಹೂಡಿರುವುದನ್ನು ಕಂಡ ಯಾರ ಕಣ್ಣು ತಾನೆ ಆ ಗುಲಾಬಿ ಗರಿಗಳತ್ತ ಹೋಗದೆ ಇದ್ದೀತು? ಆದರೆ ಅಲ್ಲಿಯೇ ನಿಂತುಬಿಟ್ಟ ಕಣ್ಣು ಹಕ್ಕಿಯನ್ನು ಕಂಡಿತೆಂದು ನಾನು ಒಪ್ಪಲಾರೆ. ರಸಿಕನಾದವನು ಗರಿಯಿಂದ ಕೊಕ್ಕಿಗೆ ದೃಷ್ಟಿಯನ್ನು ಸರಿಸಬೇಕು.

ಬಣ್ಣದ ಕೊಕ್ಕರೆಯ ಉದ್ದನೆಯ ಹಳದಿ ಕೊಕ್ಕು ತುದಿಯಲ್ಲಿ ಕೊಂಚ ಕೆಳಬಾಗಿದೆ. ಮೊಣಕಾಲುದ್ದದ ಕಲಕು ನೀರಿನಲ್ಲಿ ಅದನ್ನು ಅರೆ ತೆರೆದು ಅದ್ದಿ, ಅತ್ತಿತ್ತ ಆಡಿಸುತ್ತ, ಕಾಲಿನಿಂದ ತಳವನ್ನು ಕದಡುತ್ತ ನಡೆಯುವ ಈ ಹಕ್ಕಿ ಮೀನನ್ನು ಹುಡುಕುವುದು ಮುಖ್ಯವಾಗಿ ಕಣ್ಣಿನಿಂದಲ್ಲ, ಸ್ಪರ್ಶದಿಂದ. ಮೀನು ತಗುಲಿದೊಡನೆಯೇ ಕೊಕ್ಕು ಮುಚ್ಚಿಕೊಳ್ಳುತ್ತದೆ. ಚಮಚದ ಕೊಕ್ಕಿನ ಹಕ್ಕಿಯದೂ ಸ್ಪರ್ಶದ ವಿದ್ಯೆಯೇ ಆದರೂ ಅದರ ಚಪ್ಪಟೆ ತುದಿ ಅರ್ಧವೃತ್ತಾಕಾರವಾಗಿ ನೀರನ್ನು ಸವರಿಕೊಂಡು ಸಾಗುತ್ತದೆ. ಹಾವಕ್ಕಿಗೆ ಇಂಥ ತಡಕಾಟದ ಗೊಡವೆಯಿಲ್ಲ; ಮುಳುಗಿ, ಈಟಿಯಂತಹ ಕೊಕ್ಕಿನಿಂದ ಮೀನನ್ನು ತಿವಿದು, ಮೇಲಕ್ಕೆ ತಂದು ಚಿಮ್ಮಿ ನುಂಗಿ, ನೆನೆದ ರೆಕ್ಕೆಗಳನ್ನು ಬಂಡೆಯ ಮೇಲೆ ಬಿಸಿಲಿಗೆ ಹರವಿಕೊಂಡು ಕುಳಿತರೆ ಮುಗಿಯಿತು.

ಇವೆಲ್ಲಕ್ಕಿಂತ ನನಗೆ ಪ್ರಿಯವಾದುದು ಬಾಯ್ಕಳಕ. ಬೂದು ಬಿಳುಪಿನ, ಯಾರೂ ಎರಡನೆಯ ಸಲ ತಿರುಗಿ ನೋಡದ ಈ ಕೊಕ್ಕರೆಯ ಕೊಕ್ಕಿನ ಎರಡು ಭಾಗಗಳು ತುದಿಯಲ್ಲಿ ಕೂಡಿದರೂ ನಡುವೆ ಕೂಡುವುದಿಲ್ಲ. ಆ ಸಂದಿನ ಮೂಲಕ ಆಚೆಯ ಬೆಳಕು ಕಾಣುತ್ತದೆ. ಅದು ಅಡಕತ್ತರಿಯಂತೆ ತೋರುವುದರಿಂದ, ಬಸವನಹುಳುವಿನ ಚಿಪ್ಪನ್ನು ಅದರಲ್ಲಿಟ್ಟು ಒಡೆಯುತ್ತದೆಂದು ಊಹಿಸುವುದು ಸಹಜ. ವಸ್ತುಸ್ಥಿತಿ ಇನ್ನೂ ನಾಜೂಕಾದುದು: ಕೆಳಕೊಕ್ಕಿನ ಮೊನೆಯನ್ನು ಚಿಪ್ಪಿನೊಳಕ್ಕೆ ತೂರಿಸಿ, ಹುಳುವಿನ ಸ್ನಾಯುವನ್ನು ಬಿಡಿಸಿ, ಬಹುಮಟ್ಟಿಗೆ ಚಿಪ್ಪು ಒಡೆಯದಂತೆಯೇ ಮಾಂಸವನ್ನು ಈಚೆಗೆಳೆಯುತ್ತದೆ. ಮರಿಗಳ ಕೊಕ್ಕಿನಲ್ಲಿ ಈ ಸಂದು ಇರುವುದಿಲ್ಲ. ವಯಸ್ಸಿನೊಡನೆ ಅದು ಮೂಡುತ್ತದೆ. ಗೂಡಿನೊಳಗಣ ಮರಿಯನ್ನೂ ಅಂಚಿನಲ್ಲಿ ನಿಂತ ತಾಯಿಯನ್ನೂ ದುರ್ಬೀನಿನಲ್ಲಿ ಒಂದರ ಬಳಿಕ ಒಂದರಂತೆ ನೋಡುವ ಸುಖ ಗುಲಾಬಿ ಗರಿಯ ಸುಖಕ್ಕೆ ಕಡಿಮೆಯದಲ್ಲ.

ಈ ಹಕ್ಕಿಗಳು ಗೂಡು ಹೂಡಿರುವ ತಿಟ್ಟುಗಳಾದರೂ ಕೇವಲ ನಿಸರ್ಗದತ್ತವಲ್ಲ. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಹೊಳೆಗೆ ಕಟ್ಟಿಸಿದ ಒಡ್ಡಿನಿಂದ ರೂಪುಗೊಂಡವು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ ಮೈಸೂರು ಸಂಸ್ಥಾನವು 1940ರಲ್ಲಿ ರಂಗನತಿಟ್ಟನ್ನು ಪಕ್ಷಿಧಾಮವೆಂದು ಘೋಷಿಸಿತು. 2022ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೂ ಸೇರಿತು.

ಈ ಹಕ್ಕಿಗಳ ಧಾಮವನ್ನು ನೋಡಲು ದೋಣಿಯಲ್ಲಿ ಕುಳಿತವರೆಲ್ಲ ಕೇಳುವುದು ಮಾತ್ರ ಮೊಸಳೆಯನ್ನೇ. ಅಂಬಿಗನೂ ಅದನ್ನು ಬಲ್ಲ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯನ್ನು ಕಂಡು ಜನ ಅದು ಹಸಿದಿದೆಯೆಂದು ಬೆದರುತ್ತಾರೆ. ಪಾಪ, ಅದು ಮೈಯ ಕಾವನ್ನು ಕಳೆದುಕೊಳ್ಳುತ್ತಿರುತ್ತದೆ. ಹಾಗೆ ಮೊಸಳೆಯತ್ತ ಮುಖ ಮಾಡಿದವರ ಬೆನ್ನ ಹಿಂದೆ ನೀರುನಾಯಿಗಳ ಹಿಂಡು ಈಜಿಹೋದುದೂ ಉಂಟು. ಬೇಸಗೆಯಲ್ಲಿ ಅವೇ ಬಂಡೆಗಳ ಮೇಲೆ, ಬರಿಯ ಕಲ್ಲಿನ ಮೈಯಲ್ಲಿ ಮೊಟ್ಟೆಯಿಡುವ ನದಿ ರೀವ ಹಕ್ಕಿಗಳಿಗಂತೂ ಮೊಸಳೆಗಿಂತ ದೊಡ್ಡ ಭಯ ಮೇಲಿನ ಕೃಷ್ಣರಾಜಸಾಗರ ಅಣೆಕಟ್ಟಿನಿಂದ ಹಠಾತ್ತನೆ ಹರಿದುಬರುವ ನೀರು.

ಆದರೆ ರಂಗನತಿಟ್ಟಿನಲ್ಲಿ ಕೊಕ್ಕಿನ ಕಸುಬೆಲ್ಲವೂ ಕಾಣಸಿಗುವುದಿಲ್ಲ. ಅದು ಬಾಣಂತಿಯ ಮನೆ; ಅಡುಗೆಯ ಸಾಮಾನು ಹೊರಗಿನಿಂದ ಬರಬೇಕು. ಕೊಕ್ಕರೆಗಳು ಸುತ್ತಣ ಕೆರೆಗಳಿಗೂ ನಾಲೆಯ ಕೆಳಗಣ ಗದ್ದೆಗಳಿಗೂ ಹಾರಿಹೋಗಿ, ಅಲ್ಲಿ ನುಂಗಿದುದನ್ನು ಗೂಡಿನಲ್ಲಿ ಕಕ್ಕಿ ಮರಿಗಳಿಗೆ ಉಣಿಸುತ್ತವೆ. ಆದುದರಿಂದ ದೋಣಿಯಿಂದಿಳಿದವರು ನೇರವಾಗಿ ಮೈಸೂರಿನ ಹಾದಿ ಹಿಡಿಯದೆ, ಹಕ್ಕಿಗಳು ಹಾರಿಹೋದ ದಿಕ್ಕನ್ನು ಗುರುತಿಸಿಕೊಂಡು, ಯಾವುದಾದರೊಂದು ಊರಿನ ನೀರು ನಿಂತ ಗದ್ದೆಯ ಬದುವಿನ ಮೇಲೆ ಒಂದಿಷ್ಟು ಹೊತ್ತು ಕುಳಿತುಕೊಳ್ಳಲಿ. ಅಲ್ಲಿ ಬಾಯ್ಕಳಕ ಕೆಸರಿನಲ್ಲಿ ತಲೆ ತಗ್ಗಿಸಿ ಕೆಲಸ ನಡೆಸಿರುತ್ತದೆ. ಟಿಕೇಟೂ ಬೇಕಿಲ್ಲ, ರೈತನ ಅನುಮತಿಯೊಂದಿದ್ದರೆ ಸಾಕು.